ಕೆಂಪು ದೀಪ ಆರಬಾರದು

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಉರುಕುಂದಪ್ಪನ ಮೊಬೈಲಿಗೆ ಒಂದು ಸಂದೇಶ ಬಂತು. ದುರಸ್ತಿ ಕೆಲಸ ಇರುವುದರಿಂದ ಹತ್ತು ಗಂಟೆಯಿಂದ ಸಂಜೆ ಆರರವರೆಗೆ ಕರೆಂಟು ಇರುವುದಿಲ್ಲ, ಗ್ರಾಹಕರು ಸಹಕರಿಸಬೇಕು. ರಾಯಚೂರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಇಂಥ ಸಂದೇಶ ಬಂದರೆ ತಲೆ ನೆಟ್ಟಗಿರುವ ಮನುಷ್ಯ ಫ್ಯಾನಿನ ಚಿಂತೆ ಮಾಡುತ್ತಾನೆ. ಉರುಕುಂದಪ್ಪ ಟಿವಿಯ ಕೆಳಗಿದ್ದ ವಿಡಿಯೋ ಗೇಮಿನ ಡಬ್ಬಿಯನ್ನು ನೋಡಿ ಎದೆ ಹಿಡಿದುಕೊಂಡ.

ಅವನು ಏಳನೇ ತರಗತಿಯಲ್ಲಿದ್ದಾಗ ಅಪ್ಪ ಕೊಡಿಸಿದ ಡಬ್ಬಿ ಅದು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ತುರುಕಬೇಕು. ಚಿತ್ರ ಬರದಿದ್ದರೆ ಕಿತ್ತು ಮತ್ತೆ ಊದಬೇಕು. ಇಷ್ಟಾದ ಮೇಲೂ ಬರದಿದ್ದರೆ ಡಬ್ಬಿಯ ತಲೆಗೆ ಒಂದು ಏಟು ಕೊಡಬೇಕು. ನಲವತ್ತರ ಹತ್ತಿರ ಬಂದರೂ ಉರುಕುಂದಪ್ಪ ಈ ವಿಧಿಗಳನ್ನು ಬಿಟ್ಟಿರಲಿಲ್ಲ. ಅವೇ ಆಟಗಳು ಈಗ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಎಮ್ಯುಲೇಟರ್ ಎಂಬ ಆ್ಯಪ್ ಹಾಕಿಕೊಂಡರೆ ಮೊಬೈಲು ತಾನೇ ಆ ಹಳೇ ಡಬ್ಬಿ ಎಂಬಂತೆ ನಟಿಸುತ್ತದೆ. ಎಲ್ಲಿ ಬೇಕೋ ಅಲ್ಲಿ ಸೇವ್ ಮಾಡಬಹುದು, ಸತ್ತರೆ ಅಲ್ಲಿಂದಲೇ ಎದ್ದು ಬರಬಹುದು. ಉರುಕುಂದಪ್ಪನ ಪ್ರಕಾರ ಅದು ಆಟವಲ್ಲ, ಕಾಪಿ ಹೊಡೆದು ಪಾಸಾಗುವುದು.

ಅವನ ಡಬ್ಬಿಯಲ್ಲಿ ಸೇವ್ ಎಂಬುದಿಲ್ಲ. ಇರುವುದು ಪಾಜ್ ಗುಂಡಿ ಮಾತ್ರ. ಅದನ್ನು ಒತ್ತಿದರೆ ಆಟ ನಿಂತಲ್ಲೇ ನಿಲ್ಲುತ್ತದೆ, ಕರೆಂಟು ಇರುವವರೆಗೆ. ಬುಧವಾರದಿಂದ ಆ ಡಬ್ಬಿ ಆಫ್ ಆಗಿರಲಿಲ್ಲ. ಆಫೀಸಿಗೆ ಹೋಗುವಾಗ ಪಾಜ್ ಒತ್ತಿ, ಬಂದ ಮೇಲೆ ಬಿಡಿಸಿ, ನಾಲ್ಕು ದಿನ ಆಡಿ, ಈಗಷ್ಟೇ ಟ್ಯಾಂಕಿನ ಆಟದ ನೂರನೇ ಹಂತ ಮುಟ್ಟಿದ್ದ. ಸ್ವಿಚ್ಚಿಗೆ "ಮುಟ್ಟಬಾರದು" ಎಂದು ಚೀಟಿ ಅಂಟಿಸಿದ್ದ. ಅಡಾಪ್ಟರ್ ಎಷ್ಟು ಬಿಸಿಯಾಗಿದೆ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದ. "ನನಗ ಟೈಫಾಯ್ಡ್ ಆದಾಗ ಇಷ್ಟು ಸಲ ಹಣಿ ಮುಟ್ಟಿ ನೋಡಲಿಲ್ಲ ಈ ಮನಶಾ" ಎಂದು ಹೆಂಡತಿ ಭಾಗ್ಯಜ್ಯೋತಿ ಗೋಡೆಗೆ ಹೇಳಿದಳು.

ಇಷ್ಟೆಲ್ಲ ಒದ್ದಾಟ ಬರೀ ಆಟಕ್ಕಲ್ಲ. ಉರುಕುಂದಪ್ಪ ಆರೋಗ್ಯ ಇಲಾಖೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಬೇಸಿಗೆಯಲ್ಲಿ ಎರಡು ತಿಂಗಳು ಅರಕೇರಾ ಎಂಬ ದೂರದ ಊರಿನಲ್ಲೇ ಇದ್ದು ಮನೆಮನೆ ಸಮೀಕ್ಷೆ ಮಾಡಲು ಒಬ್ಬರು ಬೇಕಿತ್ತು. ಕಚೇರಿಯ ಅಧಿಕಾರಿ ದುರ್ಗಾ ಮೇಡಂ ಅವನನ್ನೂ ಪಕ್ಕದ ಮೇಜಿನ ಶಿವರಾಜನನ್ನೂ ಕರೆದು, ಇಬ್ಬರಲ್ಲಿ ಯಾರು ಹೋಗುತ್ತೀರಿ ಎಂದು ನೀವೇ ತೀರ್ಮಾನಿಸಿ ಸೋಮವಾರ ಹೆಸರು ಕೊಡಿ ಎಂದಿದ್ದರು. ಹೋದ ವರ್ಷ ಇಂಥದೇ ಕೆಲಸಕ್ಕೆ ಹೋಗಿದ್ದ ಉರುಕುಂದಪ್ಪ ಎಂಟು ಕೆಜಿ ಇಳಿದು ಬಂದಾಗ ಹೆತ್ತ ಮಗಳೇ ಬಾಗಿಲಲ್ಲಿ ನಿಂತು "ಯಾರು ಬೇಕಾಗಿತ್ರೀ" ಎಂದು ಕೇಳಿದ್ದಳು. ಶಿವರಾಜ ಮೊಬೈಲಿನಲ್ಲಿ ಸೇವ್ ಮಾಡಿ ಮಾಡಿ ಟ್ಯಾಂಕಿನ ಆಟದ ನೂರನೇ ಹಂತ ದಾಟಿದವನು. ಅಸಲಿ ಡಬ್ಬಿಯಲ್ಲಿ ಅದು ಆಗದ ಮಾತು ಎಂದು ಅವನ ವಾದ. ಸರಕಾರಿ ನೌಕರರು ಇಂಥ ಗಹನವಾದ ವಿಷಯವನ್ನು ಹೇಗೆ ತೀರ್ಮಾನಿಸಬೇಕೋ ಹಾಗೆಯೇ ತೀರ್ಮಾನಿಸಿದರು. ಭಾನುವಾರ ಹೊತ್ತು ಮುಳುಗುವುದರೊಳಗೆ ಅಸಲಿ ಡಬ್ಬಿಯಲ್ಲಿ ನೂರನೇ ಹಂತವನ್ನು ಶಿವರಾಜ ಕಣ್ಣಾರೆ ಕಂಡರೆ ಅರಕೇರಾಕ್ಕೆ ಶಿವರಾಜ. ಇಲ್ಲದಿದ್ದರೆ ಉರುಕುಂದಪ್ಪ.

ಉರುಕುಂದಪ್ಪ ಶಿವರಾಜನಿಗೆ ಫೋನು ಹಚ್ಚಿದ.

"ನೂರಕ್ಕ ಬಂದೀನಿ. ಲಗೂನ ಬಾ, ನೋಡು."

"ಇವತ್ತು ಐತವಾರಲೇ. ನಾ ಮಾನ್ವ್ಯಾಗ ನಮ್ಮನ್ಯಾಗ ಅದೀನಿ. ರೊಟ್ಟಿ ಉಂಡು ಮಲಗಾಂವ."

"ಫೋಟೋ ಕಳಸ್ತೀನಿ."

"ಫೋಟೋದಾಗ ನನ್ನ ಮೊಬೈಲಿನ ಆಟಾನೂ ಅಸಲಿ ಕಂಡಂಗ ಕಾಣ್ತದ. ಕಣ್ಣಿಲೆ ನೋಡಬೇಕು ಅಂತ ಮಾತಾಗ್ಯದ."

"ಹತ್ತಕ್ಕ ಕರೆಂಟ್ ಹೋಗ್ತದ ಮಾರಾಯ."

"ಅಯ್ಯ ಪಾಪ," ಎಂದ ಶಿವರಾಜ. "ಸೇವ್ ಮಾಡಿಕೊಂಡುಬಿಡು."

ಉರುಕುಂದಪ್ಪ ಫೋನು ಇಟ್ಟ. ತೀನ್ ಕಂದೀಲ್ ಚೌಕದ ಹತ್ತಿರ ರೇಡಿಯೋ ಟಿವಿ ರಿಪೇರಿ ಮಾಡುವ ಖಾಜಾನಿಗೆ ಫೋನು ಮಾಡಿ, ಮನೆಯಲ್ಲಿ ಯಾರೋ ಹೋಗಿಬಿಡುತ್ತಾರೇನೋ ಎಂಬ ದನಿಯಲ್ಲಿ ಕರೆದ. ಖಾಜಾ ಬಂದ. ಎಲ್ಲ ಕೇಳಿಸಿಕೊಂಡ. ಹೊರಗೆ ಹೋಗಿ ಉರುಕುಂದಪ್ಪನ ಬೈಕಿನ ಬ್ಯಾಟರಿಯನ್ನೇ ಬಿಚ್ಚಿಕೊಂಡು ಒಳಗೆ ಬಂದ.

"ಪಹಲೇ ಇದರ ವೈರ್ ಹಚ್ಚತೀನಿ ಸಾಬ್, ಆಮ್ಯಾಲ ಅಡಾಪ್ಟರ್ ಕೀಳ್ತೀನಿ. ನಡುವ ಒಂದು ಚಣ ಖಾಲಿ ಬಿತ್ತು ಅಂದ್ರ ಖತಂ. ಯಾರೂ ಉಸಿರು ಬಿಡಬ್ಯಾಡ್ರಿ."

ಯಾರೂ ಬಿಡಲಿಲ್ಲ. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಪಾರ್ವತೆಮ್ಮ, ವೈರು ಹಿಡಿದು ಬಗ್ಗಿದ ಖಾಜಾನನ್ನೂ ಕೈ ಮುಗಿದು ಕೂತ ಉರುಕುಂದಪ್ಪನನ್ನೂ ನೋಡಿ, ಏನು ಎತ್ತ ಕೇಳದೆ ತಾನೂ ಕೈ ಮುಗಿದಳು. ಅಡಾಪ್ಟರ್ ಹೊರಗೆ ಬಂತು. ಡಬ್ಬಿಯ ಮೇಲಿನ ಕೆಂಪು ದೀಪ ಹಾಗೇ ಉರಿಯುತ್ತಿತ್ತು.

"ಜೀವ ಅದ," ಎಂದ ಖಾಜಾ. ಆಮೇಲೆ ಸಾಮಾನು ಚೀಲಕ್ಕೆ ಹಾಕಿಕೊಳ್ಳುತ್ತಾ, "ಅಸಲಿ ಅಸಲಿ ಅಂತೀರಲ್ಲ ಸಾಬ್, ನಾ ಬಿಚ್ಚಿ ನೋಡೀನಿ. ಜಪಾನಿನವಂದು ನೋಡಿ ಯಾವನೋ ಮಾಡಿದ ನಕಲಿ ಇದು" ಎಂದ. ಉರುಕುಂದಪ್ಪನಿಗೆ ಆಗ ಕಿವಿ ಕೇಳಿಸಲಿಲ್ಲ. ಬೇಡದ ಮಾತು ಬಂದಾಗ ಅವನ ಕಿವಿ ಯಾವಾಗಲೂ ಹಾಗೆಯೇ.

ಶಿವರಾಜ ಬರಲೊಲ್ಲ ಎಂದ ಮೇಲೆ ಡಬ್ಬಿಯೇ ಅವನಲ್ಲಿಗೆ ಹೋಗಬೇಕು. ಆದರೆ ಬೈಕಿನ ಬ್ಯಾಟರಿ ಡಬ್ಬಿಗೆ ಹೋದ ಮೇಲೆ ಬೈಕು ಓಡುವುದಿಲ್ಲ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಡಬ್ಬಿ, ಬ್ಯಾಟರಿ, ವೈರುಗಳನ್ನಿಟ್ಟು, ಬಿಸಿಲಿಗೆ ಕಾಯಬಾರದೆಂದು ಮೇಲೆ ಒದ್ದೆ ಟವೆಲ್ ಹೊದಿಸಿ, ಉರುಕುಂದಪ್ಪ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಮಾನ್ವಿ ಬಸ್ಸು ಹತ್ತಿದ. ಬಸ್ಸಿನ ತುಂಬ ಹೆಂಗಸರು. ಕಂಡಕ್ಟರ್ ಬಂದು ಟವೆಲ್ಲಿನ ಮೂಲೆ ಎತ್ತಿ ನೋಡಿದ.

"ಬ್ಯಾಟ್ರಿ ಏನ್ರಿ ಇದು? ಬ್ಯಾಟ್ರಿ ಹಿಂಗ ಒಳಗ ಇಟ್ಕೊಳ್ಳಂಗಿಲ್ರೀ. ವೈರ್ ಬಿಚ್ಚಿ ಹಿಂದ ಡಿಕ್ಕ್ಯಾಗ ಹಾಕ್ರಿ."

"ವೈರ್ ಬಿಚ್ಚಾಕ ಬರಂಗಿಲ್ರೀ."

"ಯಾಕ ಬರಂಗಿಲ್ಲ?"

ಯಾಕೆ ಎಂಬುದನ್ನು ನಿಜವಾಗಿ ಹೇಳಿದ್ದರೆ ಕಂಡಕ್ಟರ್ ಬ್ಯಾಟರಿಯನ್ನಲ್ಲ, ಉರುಕುಂದಪ್ಪನನ್ನೇ ಡಿಕ್ಕಿಗೆ ಹಾಕುತ್ತಿದ್ದ. ಅಷ್ಟರಲ್ಲಿ ಅವನ ಕಣ್ಣು ಉರುಕುಂದಪ್ಪನ ಕೊರಳಿಗೆ ಹೋಯಿತು. ಭಾನುವಾರವೂ ಐಡಿ ಕಾರ್ಡು ನೇತುಹಾಕಿಕೊಂಡು ತಿರುಗುವ ಚಟ ಇವನದು. ಆರೋಗ್ಯ ಇಲಾಖೆ ಎಂದು ಓದಿದ ಕಂಡಕ್ಟರನ ದನಿ ಇಳಿಯಿತು.

"ದವಾಖಾನಿ ಮಷೀನೇನ್ರಿ ಸರ?"

"ಹೌದ್ರಿ," ಎಂದ ಉರುಕುಂದಪ್ಪ. "ಮಾನ್ವಿ ದವಾಖಾನ್ಯಾಗ ಒಂದು ಕೂಸಿಗೆ ಹಚ್ಚಬೇಕು. ಈ ಕೆಂಪು ದೀಪ ಆರಬಾರದು."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷದ ನೌಕರಿ ವ್ಯರ್ಥವಾಗಿರಲಿಲ್ಲ.

ಮುಂದಿನ ಸೀಟಿನಲ್ಲಿದ್ದ ಒಬ್ಬ ಮುದುಕಿ ತಟ್ಟನೆ ಎದ್ದಳು. ಹೆಸರು ಬೂದೆಮ್ಮ, ಮಾನ್ವಿಯ ಮಗಳ ಮನೆಗೆ ಹೊರಟಿದ್ದಳು. "ಏ, ಸರೀರೆವ್ವ, ಜಾಗ ಬಿಡ್ರಿ. ಕೂಸಿನ ಮಷೀನ್ ಅಂತ" ಎಂದು ಇಬ್ಬರನ್ನು ಎಬ್ಬಿಸಿ, ಒಂದು ಸೀಟಿನಲ್ಲಿ ಬುಟ್ಟಿಯನ್ನೂ ಒಂದರಲ್ಲಿ ಉರುಕುಂದಪ್ಪನನ್ನೂ ಕೂರಿಸಿದಳು. ಬುಟ್ಟಿಗೆ ಸೆರಗಿನಿಂದ ಗಾಳಿ ಹಾಕತೊಡಗಿದಳು.

"ಕೂಸು ಯಾರದಪ್ಪಾ?"

"ಬಡವರದು ಯವ್ವಾ."

"ಎಷ್ಟು ದಿನದ್ದು?"

"ನಾಕು ದಿನದ್ದು."

ಕೂಸಿನ ವಿಷಯದಲ್ಲಿ ಅವನು ಆಡಿದ ಒಂದೇ ನಿಜ ಅದು. ಬೂದೆಮ್ಮನ ಕಣ್ಣಲ್ಲಿ ನೀರು ಬಂತು. "ನಮ್ಮ ಅರಕೇರಾದಾಗ ಹಿಂಗ ಒಬ್ಬರಾರ ಬಂದಿದ್ರ ನನ್ನ ಮೊಮ್ಮಗಳು ಉಳೀತಿದ್ಳು" ಎಂದಳು. ಅರಕೇರಾ ಎಂಬ ಹೆಸರು ಕೇಳಿ ಉರುಕುಂದಪ್ಪನ ಕಣ್ಣಲ್ಲೂ ನೀರು ಬಂತು. ಕಾರಣ ಬೇರೆ. ಅದನ್ನು ನೋಡಿ ಬಸ್ಸಿಗೆ ಬಸ್ಸೇ ಮೂಗೊರೆಸಿಕೊಂಡಿತು.

ಬೂದೆಮ್ಮ ಡ್ರೈವರನ ಹತ್ತಿರ ಹೋಗಿ, "ಎಲ್ಲೂ ನಿಲ್ಲಸಬ್ಯಾಡಪ್ಪಾ, ಪುಣ್ಯ ಬರ್ತದ" ಎಂದಳು. ಕಲ್ಮಲಾದಲ್ಲಿ ಕೈ ಎತ್ತಿ ನಿಂತವರು ಧೂಳು ಕುಡಿದರು. ನೀರಮಾನ್ವಿಯಲ್ಲಿ ಇಳಿಯಬೇಕಿದ್ದ ರಾಧಾ ಎಂಬ ಕಾಲೇಜು ಹುಡುಗಿ "ಇರ್ಲಿ ಬಿಡ್ರಿ, ತಿರುಗಿ ಬರೋ ಬಸ್ಸಿಗೆ ಬರ್ತೀನಿ" ಎಂದು ಕೂತಳು. ಕೂತವಳು ಸುಮ್ಮನೆ ಕೂರಲಿಲ್ಲ, ಮೊಬೈಲಿನಲ್ಲಿ ಎಲ್ಲವನ್ನೂ ವಿಡಿಯೋ ಮಾಡಿಕೊಂಡಳು. ಉರುಕುಂದಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು. ಇಳಿದು ಓಡಿಹೋಗೋಣ ಅನ್ನಿಸಿತು. ಆದರೆ ಮೇ ತಿಂಗಳ ಬಿಸಿಲು ನೆನಪಾಗಿ ನಾಚಿಕೆ ಹಿಂದೆ ಸರಿಯಿತು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದರಾಯಿತು ಎಂದುಕೊಂಡಿದ್ದ. ಬಸ್ಸು ಬಸ್‌ಸ್ಟ್ಯಾಂಡಿಗೆ ಹೋಗಲೇ ಇಲ್ಲ. ಹಾರ್ನು ಒತ್ತುತ್ತಾ ನೆಟ್ಟಗೆ ದವಾಖಾನೆಯ ಗೇಟಿಗೆ ಹೋಗಿ ನಿಂತಿತು. ಅರವತ್ತು ಜನ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಅವನು ಒಳಗೆ ಹೋಗುವವರೆಗೂ ಅಲುಗಲಿಲ್ಲ. ಒಳಗೆ ಹೋಗದೆ ಉಪಾಯವಿರಲಿಲ್ಲ. ಹೋದ. ನರ್ಸಮ್ಮ ಬುಟ್ಟಿಯನ್ನೂ ಅವನನ್ನೂ ನೋಡಿ "ಏನು ಬೇಕ್ರೀ" ಎಂದಳು. "ನೀರು" ಎಂದ. ಎರಡು ಲೋಟ ನೀರು ಕುಡಿದು ಹಿಂದಿನ ಗೇಟಿನಿಂದ ಹೊರಬಿದ್ದು, ಬಿಸಿಲಿನಲ್ಲಿ ಒಂದು ಮೈಲಿ ನಡೆದು ಶಿವರಾಜನ ಮನೆ ಮುಟ್ಟಿದ.

ಶಿವರಾಜ ರೊಟ್ಟಿಯ ಮೇಲೆ ಬೆಣ್ಣೆ ಸವರಿಕೊಳ್ಳುತ್ತಿದ್ದ. ಎಂಜಲ ಕೈಯಲ್ಲೇ ಎದ್ದ. ವೈರನ್ನು ಟಿವಿಗೆ ಚುಚ್ಚಿದರು. ಇಟ್ಟಿಗೆ ಗೋಡೆ, ಹಳದಿ ಟ್ಯಾಂಕು, ಮೂಲೆಯಲ್ಲಿ ಅಂಕಿ ನೂರು. ಉರುಕುಂದಪ್ಪ ಬೆವರಲ್ಲಿ ತೊಯ್ದು ನಿಂತು ನಕ್ಕ. ನಾಲ್ಕು ದಿನದಲ್ಲಿ ಅದೇ ಮೊದಲ ನಗು.

"ನಿಂತ ಚಿತ್ರ ಇದು. ಆಡಿ ತೋರಸು," ಎಂದ ಶಿವರಾಜ.

ಉರುಕುಂದಪ್ಪ ಪಾಜ್ ಬಿಡಿಸಿದ. ಬುಟ್ಟಿ ಹೊತ್ತು ಸೆಟೆದ ಬೆರಳುಗಳು ಒಂದು ಗುಂಡಿಯ ಬದಲು ಇನ್ನೊಂದನ್ನು ಒತ್ತಿದವು. ಮೂರು ಕಡೆಯಿಂದ ಮೂರು ಟ್ಯಾಂಕು ಬಂದವು. ನಾಲ್ಕು ದಿನದ ಆಟ ಅರ್ಧ ನಿಮಿಷದಲ್ಲಿ ಮುಗಿಯಿತು.

"ನಾನಾಗಿದ್ರ ಸೇವ್ ಮಾಡಿ ಆಡ್ತಿದ್ದೆ," ಎಂದ ಶಿವರಾಜ ಮೆಲ್ಲಗೆ. ಆಮೇಲೆ ನಿಟ್ಟುಸಿರು ಬಿಟ್ಟ. "ಆತು, ನೀ ಗೆದ್ದಿ. ನಾಳೆ ನನ್ನ ಹೆಸರು ಕೊಡ್ತೀನಿ. ಬಾ, ರೊಟ್ಟಿ ತಿನ್ನು."

ಸೋಮವಾರ ಶಿವರಾಜ ಮಾತಿಗೆ ತಪ್ಪದೆ ತನ್ನ ಹೆಸರು ಬರೆದ ಚೀಟಿ ಹಿಡಿದು ದುರ್ಗಾ ಮೇಡಂ ಕೋಣೆಗೆ ಹೋದ. ಹಿಂದೆಯೇ ಉರುಕುಂದಪ್ಪ, ಮದುವೆ ಗಂಡಿನ ನಡಿಗೆಯಲ್ಲಿ. ಮೇಡಂ ಚೀಟಿಯನ್ನು ಮುಟ್ಟಲಿಲ್ಲ. ತಮ್ಮ ಮೊಬೈಲನ್ನು ಇಬ್ಬರ ಕಡೆಗೆ ತಿರುಗಿಸಿದರು. ಅದರಲ್ಲಿ ಬಸ್ಸು, ಬುಟ್ಟಿ, ಸೆರಗಿನ ಗಾಳಿ, ಕಣ್ಣೀರೊರೆಸಿಕೊಳ್ಳುವ ಉರುಕುಂದಪ್ಪ. ಕೊರಳಿನ ಐಡಿ ಕಾರ್ಡಿನ ಮೇಲೆ ಹೆಸರು ಚೊಕ್ಕಟವಾಗಿ ಕಾಣುತ್ತಿತ್ತು.

"ದವಾಖಾನಿಗೆ ಫೋನ್ ಮಾಡಿದ್ದೆ," ಎಂದರು ಮೇಡಂ. "ಮಷೀನ್ ಯಾವುದೂ ಬಂದಿಲ್ಲಂತ. ಯಾರೋ ಒಬ್ಬಾಂವ ಬ್ಯಾಟ್ರಿ ಹೊತ್ಕೊಂಡು ಬಂದು, ನೀರು ಕುಡದು, ಹಿಂದಿನ ಗೇಟಿಲೆ ಹೋದ್ನಂತ."

ಉರುಕುಂದಪ್ಪ ಬಾಯಿ ತೆರೆದ.

"ಬ್ಯಾಡ, ಹೇಳಬ್ಯಾಡ್ರಿ. ನೀವು ಹೇಳಿದ್ರ ನಾ ಬರಕೋಬೇಕಾಗ್ತದ. ಮ್ಯಾಲಿನ ಸಾಹೇಬ್ರು ಈ ವಿಡಿಯೋ ನೋಡಿ ಎಲ್ಲಾ ಗ್ರೂಪಿಗೂ ಹಾಕ್ಯಾರ. ಈಗ ಸುಳ್ಳು ಅಂದ್ರ ಅವರ ಮಾನ ಹೋಗ್ತದ, ನಿಮ್ಮ ನೌಕರಿ ಹೋಗ್ತದ. ನಿಜ ಅಂದ್ರ ಏನೂ ಹೋಗಂಗಿಲ್ಲ. ಹೇಳ್ರಿ, ಸುಳ್ಳೋ ನಿಜಾನೋ?"

"ನಿಜ ರೀ ಮೇಡಂ," ಎಂದ ಉರುಕುಂದಪ್ಪ.

"ಹಂಗಾರ ಛಲೋ ಆತು. ಇಂಥಾ ನೌಕರ ಅರಕೇರಾದಂಥಾ ಕಡೆ ಇರಬೇಕು ಅಂತ ಸಾಹೇಬ್ರೇ ಆರ್ಡರ್ ಮಾಡ್ಯಾರ. ಎರಡು ತಿಂಗಳಲ್ಲ, ಆರು ತಿಂಗಳು. ನಾಳೆ ಹೊರಡ್ರಿ."

ಶಿವರಾಜ ತನ್ನ ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. "ಭಾಳ ಯೋಗ್ಯ ಮನಶಾ ರೀ ಮೇಡಂ," ಎಂದು ಉರುಕುಂದಪ್ಪನ ಬೆನ್ನು ತಟ್ಟಿದ.

ಅರಕೇರಾದಲ್ಲಿ ಸಮೀಕ್ಷೆಯ ಮೂರನೇ ಮನೆಯೇ ಬೂದೆಮ್ಮನದು. ಅವನನ್ನು ಕಂಡವಳೇ ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

"ಯಪ್ಪಾ, ಆ ಕೂಸು?"

"ಆರಾಮದ ಯವ್ವಾ."

ಬೂದೆಮ್ಮ ಅವನನ್ನು ಬೇವಿನ ಮರದ ಕೆಳಗೆ ಕೂರಿಸಿ ಮಜ್ಜಿಗೆ ತರಲು ಒಳಗೆ ಹೋದಳು. ಊರಿನಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ. ಅಸಲಿ ಡಬ್ಬಿಯನ್ನು ಅವನು ತಂದೂ ಇರಲಿಲ್ಲ. ಉರುಕುಂದಪ್ಪ ಆ ಕಡೆ ಈ ಕಡೆ ನೋಡಿ ಶಿವರಾಜನಿಗೆ ಫೋನು ಮಾಡಿದ.

"ಆ ಆ್ಯಪ್ ಅಂತಿದ್ದೆಲ್ಲ, ಅದನ್ನ ಕಳಸು."

ಶಿವರಾಜ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ಕಳಸ್ತೀನಿ ತಗೋ," ಎಂದಷ್ಟೇ ಅಂದ. ಆ್ಯಪ್ ಬಂತು, ಆಟ ಬಂತು. ಊದುವ ಕೆಲಸವಿರಲಿಲ್ಲ. ಎರಡನೇ ಹಂತದಲ್ಲಿ ಟ್ಯಾಂಕು ತಿರುಗುತ್ತಿದ್ದಾಗ ಬೂದೆಮ್ಮ ಲೋಟ ಹಿಡಿದು ಬಂದು ಪಕ್ಕ ಕೂತಳು.

"ಏನು ಅಷ್ಟು ಪ್ರೀತಿಲೆ ನೋಡಾಕತ್ತೀಯಪ್ಪಾ? ಕೂಸಿನ ಫೋಟೋ ಏನು?"

"ಹೌದು ಯವ್ವಾ."

ಅವಳು ತೋರಿಸೆಂದು ಕೇಳಲೂ ಇಲ್ಲ. ಎರಡೂ ಕೈಯಿಂದ ಮೊಬೈಲಿಗೆ ದೃಷ್ಟಿ ತೆಗೆದು ಹಣೆಗೆ ಬೆರಳು ಒತ್ತಿ ಲಟಿಕೆ ಮುರಿದಳು. ಉರುಕುಂದಪ್ಪ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಸೇವ್ ಗುಂಡಿ ಒತ್ತಿದ.