ಅಪ್ಪನ ರಿವಾಲ್ವರಿಗೊಂದು ಸ್ಪ್ರಿಂಗು

ಧೈರ್ಯ ಬೇರೆ, ಹಟ ಬೇರೆ. ಮೊದಲನೆಯದು ನನ್ನಲ್ಲಿ ಎಳ್ಳಷ್ಟೂ ಇಲ್ಲ; ಹಲ್ಲಿ ಲೊಚಗುಟ್ಟಿದರೂ ಕೃಷ್ಣ ಕೃಷ್ಣ ಎನ್ನುವವನು ನಾನು. ಎರಡನೆಯದು ಮಾತ್ರ ಬೇಕಾದಷ್ಟಿದೆ. ಕೊಡು ಎಂದರೆ ಕೊಡುವುದಿಲ್ಲ, ಬಿಡು ಎಂದರೆ ಬಿಡುವುದಿಲ್ಲ. ನನ್ನಂಥ ಗುಮಾಸ್ತನ ಮನೆಯಲ್ಲಿ ಒಂದು ರಿವಾಲ್ವರ್ ಉಳಿದುಕೊಂಡಿರುವುದು ಈ ಗುಣದಿಂದಲೇ.

ಅದು ಕಾಡಿನ ಇಲಾಖೆಯಲ್ಲಿದ್ದ ಅಪ್ಪನದು. ಅವರು ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು. ಗುಂಡು ಹಾರಿಸುವ ಮಾತಿರಲಿ, ವರ್ಷಕ್ಕೊಮ್ಮೆ ಆಯುಧಪೂಜೆಗೆ ಪೆಟ್ಟಿಗೆಯಿಂದ ತೆಗೆದು, ಈಳಿಗೆಮಣೆ, ಸೈಕಲ್ಲುಗಳ ಪಕ್ಕ ಕೂರಿಸಿ ಕುಂಕುಮ ಇಡುವುದಷ್ಟೇ ನಮಗೂ ಅದಕ್ಕೂ ಇದ್ದ ವ್ಯವಹಾರ. ಆ ವರ್ಷ ಲೈಸೆನ್ಸ್ ನವೀಕರಿಸಲು ಹೋದಾಗ ಹೊಸ ಇನ್ಸ್‌ಪೆಕ್ಟರು ಗುಂಡಿಗೆ ಬಡಿಯುವ ಅದರ ಕುದುರೆ ಎಳೆದು ನೋಡಿದರು. ಅದು ಸುಮ್ಮನೆ ಜೋತುಬಿತ್ತು.

"ಸ್ಪ್ರಿಂಗೇ ಇಲ್ಲವಲ್ರೀ. ಕೆಲಸಕ್ಕೆ ಬಾರದ್ದಕ್ಕೆ ಲೈಸೆನ್ಸ್ ಯಾಕೆ? ದಸರೆಯೊಳಗೆ ಸರಿಮಾಡ್ಸಿ, ಇಲ್ದಿದ್ರೆ ಒಪ್ಪಿಸ್‌ಬುಡಿ."

"ಒಪ್ಪಿಸೋಲ್ಲ ಸ್ವಾಮಿ," ಎಂದೆ. ರಿವಾಲ್ವರನ್ನು ವಾಪಸು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ. ಅಪ್ಪನದೆಂದು ನಮ್ಮಲ್ಲಿ ಉಳಿದಿದ್ದ ವಸ್ತು ಅದೊಂದೇ. ಅದು ಠಾಣೆಯ ಮೂಲೆಯಲ್ಲಿ ಬಿದ್ದಿರುವುದನ್ನು ನೆನೆದರೇ ನನಗೆ ಹೊಟ್ಟೆ ಉರಿಯುತ್ತಿತ್ತು.

ಬಂದೂಕಿನಂಗಡಿಯ ಸಾಹೇಬರು ಭೂತಗನ್ನಡಿ ಹಿಡಿದು, "ಯಾವ ಕಂಪನಿದು ಇದು? ಹೆಸರೇ ಇಲ್ವಲ್ಲ," ಎಂದರು. ಹೆಸರು ಹೇಗಿದ್ದೀತು? ಪ್ರತಿ ಹಬ್ಬಕ್ಕೂ ಅಮ್ಮ ಅದನ್ನು ದೇವರ ಮನೆಯ ದೀಪದ ಕಂಬಗಳ ಜೊತೆಗೆ ಹಾಕಿಕೊಂಡು, ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ, ವಿಲಾಯಿತಿಯವರು ಕೆತ್ತಿದ್ದ ಹೆಸರನ್ನೇ ಸವೆಸಿಬಿಟ್ಟಿದ್ದಳು. ಗೋತ್ರ ಗೊತ್ತಿಲ್ಲದ ವರನಿಗೆ ಹೆಣ್ಣು ಹುಡುಕಿದಂತಾಯಿತು ನಮ್ಮ ಪಾಡು. ಒಂದು ಸ್ಪ್ರಿಂಗು ಉದ್ದ, ಒಂದು ಗಿಡ್ಡ, ಇನ್ನೊಂದು ಕೂತಿತು, ಆದರೆ ಕುದುರೆ ಏಳಲಿಲ್ಲ. "ಬಿಳಿಯರು ಹೋದ್ರು, ಅವರ ಸಾಮಾನೂ ಹೋಯ್ತು. ಬಿಟ್ಬಿಡಿ ಸ್ವಾಮಿ," ಎಂದರು ಸಾಹೇಬರು. ಬಿಡಿ ಎಂದರಲ್ಲ, ನನಗೆ ಅಷ್ಟೇ ಸಾಕಾಯಿತು. ಬಿಡುವಾದಾಗಲೆಲ್ಲ ನಮ್ಮ ಮನೆಯಿರುವ ಒಂಟಿಕೊಪ್ಪಲಿನಿಂದ ಸೈಕಲ್ ತುಳಿದು ಬಂದು ಅವರೆದುರು ಕೂತೆ. ಕಡೆಗೆ ನನ್ನ ಕಾಟ ತಾಳಲಾರದೆ, ಯಾರೋ ಗುಜರಿಗೆ ಹಾಕಿದ್ದ ಮುರುಕು ರಿವಾಲ್ವರಿನ ಸ್ಪ್ರಿಂಗನ್ನು ಕಿತ್ತು ಕೂರಿಸಿದರು. ಟಕ್ಕೆಂದಿತು. ಅದೇ ಸದ್ದನ್ನು ಇನ್ಸ್‌ಪೆಕ್ಟರಿಗೂ ಕೇಳಿಸಿ, ಮೊಹರು ಹಾಕಿಸಿಕೊಂಡು, ಎದೆ ಸೆಟೆಸಿಕೊಂಡು ಮನೆಗೆ ಬಂದೆ.

ಆಯುಧಪೂಜೆಯ ಬೆಳಿಗ್ಗೆ ಅಮ್ಮ ಹುಣಸೆಹಣ್ಣು ಹಿಡಿದು ಬಂದಳು. "ಈಗ ಇದು ಕೆಲಸ ಮಾಡುತ್ತೆ ಕಣಮ್ಮ," ಎಂದೆ. ಅಮ್ಮ ಹಿಂದಕ್ಕೆ ಸರಿದಳು.

"ಅಯ್ಯೋ, ಅದರ ಸ್ಪ್ರಿಂಗ್ ಕಿತ್ತು ಬಾವಿಗೆ ಹಾಕಿದ್ದೇ ನಿಮ್ಮಪ್ಪ ಕಣೋ. ನೀನು ಅಂಬೆಗಾಲಿಡ್ತಿದ್ದೆ. ಮನೇಲಿ ಮಗು ಇದೆ, ಇದು ಸತ್ತೇ ಇರಲಿ ಅಂದ್ರು."

"ಮತ್ತೆ ಕಾಡಿಗೆ ಏನು ಒಯ್ತಿದ್ರು?"

"ಅದನ್ನೇ ಸೊಂಟಕ್ಕೆ ಸಿಕ್ಕಿಸ್ಕೊಂಡು ಹೋಗೋರು. ಹುಲಿಗೇನು ಗೊತ್ತು?"

"ಮೊದಲೇ ಹೇಳಬಾರದಿತ್ತೇನಮ್ಮ?"

"ಇನ್ಸ್‌ಪೆಕ್ಟರ ಮೇಲೆ ತೊಡೆ ತಟ್ಕೊಂಡು ಓಡಾಡ್ತಿದ್ದೆ. ನಿನ್ನ ಕಿವಿಗೆ ಏನು ಬೀಳ್ತಿತ್ತು?"

ಕುಂಕುಮದ ಬಟ್ಟಲನ್ನು ನನ್ನ ಕೈಗಿಟ್ಟು ಅಮ್ಮ ಹೊರಗೆ ಹೋದಳು. ಒಪ್ಪಿಸುವ ಮಾತು ಈಗಲೂ ಇಲ್ಲ. ಒಳಗೆ ಗುಂಡಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಗುಂಡೇ ಇಲ್ಲ. ಆದರೂ ಛತ್ರಿಯ ತುದಿಗೆ ಕುಂಕುಮ ಹಚ್ಚಿ, ಬಾಗಿಲ ಮರೆಯಲ್ಲಿ ನಿಂತು, ಕಣ್ಣು ಮುಚ್ಚಿ, ಸೈಕಲ್ಲಿನ ಪಕ್ಕ ಕೂರಿಸಿದ್ದ ರಿವಾಲ್ವರಿನತ್ತ ಕೈ ಚಾಚಿದೆ. ಕುಂಕುಮ ಸೈಕಲ್ಲಿನ ಸೀಟಿಗೆ ಬಿತ್ತು. ಬಿದ್ದರೆ ಬೀಳಲಿ, ಯಾರು ಏನೇ ಅನ್ನಲಿ, ನಾನಂತೂ ಇನ್ನೊಂದು ಹೆಜ್ಜೆ ಹತ್ತಿರ ಹೋಗುವುದಿಲ್ಲ.