ಅಳಿಯನ ದೋಣಿಯಲ್ಲಿ ಶಾಸಕರ ವರದಿ

ಉಳವಪ್ಪ ಹೊಸ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದಾಗ ಬೆಳಗಾವಿಯಿಂದ ಸಾಹೇಬರ ಫೋನ್ ಬಂತು. ಅವನು ಅದನ್ನು ಎತ್ತಬಾರದಿತ್ತು. ಆದರೆ ಹಣೆಬರಹ ನೋಡಿ, ಎತ್ತಿದ.

ಸಾಹೇಬರೆಂದರೆ ಶಾಸಕರು. ಅವರ ಜೋಯಿಡಾ ಕಚೇರಿಯನ್ನು ನೋಡಿಕೊಳ್ಳುವವನು ಉಳವಪ್ಪ. ಬೆಳಿಗ್ಗೆ ಬಾಗಿಲು ತೆರೆಯುವುದು, ಬಂದವರಿಗೆ ಚಹಾ ಕೊಟ್ಟು ಸಾಹೇಬರು ಊರಲ್ಲಿಲ್ಲ ಎಂದು ಮರ್ಯಾದೆಯಿಂದ ಹೇಳುವುದು ಅವನ ಕೆಲಸ.

"ಉಳವಪ್ಪಾ, ಅಧಿವೇಶನ ಅರ್ಧ ಮುಗೀತು. ನಾ ಇಲ್ಲಿ ಏನೇನ ಮಾತಾಡೀನಿ ಅಂತ ಜನಕ್ಕ ಗೊತ್ತಾಗಬೇಕಲ್ಲೊ. ಒಂದ ವಿಡಿಯೋ ಮಾಡಿ ಕಳಿಸೇನಿ. ಹಿನ್ನೀರಿನ ನಡುಗಡ್ಡಿ ಮಂದಿಗೆ ಇವತ್ತ ತೋರಿಸಿ ಬಾ. ಅವರು ಖುಷಿ ಪಟ್ಟದ್ದರ ವಿಡಿಯೋ ಸಂಜೀ ಒಳಗ ನನಗ ಬೇಕು."

"ಸಾಹೇಬ್ರ, ಇವತ್ತ ನಾ ಹಳಿಯಾಳಕ್ಕ ಹೆಣ್ಣು ನೋಡಾಕ..."

"ಹೆಣ್ಣು ಎಲ್ಲಿ ಓಡಿ ಹೋಗ್ತಾಳೊ! ಮೊದಲ ನಡುಗಡ್ಡಿಗೆ ಹೋಗು." ಫೋನ್ ಇಟ್ಟೇಬಿಟ್ಟರು.

ಹೆಣ್ಣು ಓಡಿ ಹೋಗುವ ಭಯ ಉಳವಪ್ಪನಿಗೆ ಸುಮ್ಮನೆ ಬಂದದ್ದಲ್ಲ. ಈ ಮೊದಲು ಧಾರವಾಡ ಕಡೆಯ ಮೂರ್ನಾಲ್ಕು ಮನೆಯವರು, "ಹುಡುಗ ಸಾಹೇಬ್ರ ಹಿಂದ ಅಡ್ಯಾಡ್ತಾನ, ಮನಿಯಾಗ ನಿಲ್ಲೂದಿಲ್ಲ" ಎಂದು ಬಾಗಿಲಲ್ಲೇ ವಾಪಸು ಕಳಿಸಿದ್ದರು. ಹಳಿಯಾಳದ ವಿದ್ಯಾವತಿ ಮಾತ್ರ ಫೋಟೋ ನೋಡಿ ಬರಲಿ ಅಂದಿದ್ದಳು. ಅವಳ ತಾಯಿ ಗುರುಬಸವ್ವ ಒಂದೇ ಮಾತು ಹೇಳಿದ್ದರು: "ನಮ್ಮ ಹುಡುಗಿಗೆ ಮನಿಯಾಗ ಇರೋ ಗಂಡ ಬೇಕ್ರಿ. ಐದರೊಳಗ ಬರ್ರಿ, ಆಮ್ಯಾಲ ಒಳ್ಳೇ ಹೊತ್ತಿಲ್ಲ." ಉಳವಪ್ಪನ ಸೋದರಮಾವ ಲಗಮಪ್ಪ ಹಿಂದಿನ ದಿನವೇ ಹಳಿಯಾಳಕ್ಕೆ ಹೋಗಿ, ಅಳಿಯನ ಗುಣಗಾನ ಶುರುಮಾಡಿದ್ದ.

ಹೊಸ ಅಂಗಿಯಲ್ಲೇ ಬೈಕು ಹತ್ತಿ, ಕೊರಳಿಗೆ ಸಣ್ಣ ಸ್ಪೀಕರು ನೇತುಹಾಕಿಕೊಂಡು ಉಳವಪ್ಪ ಸೂಪಾ ಹಿನ್ನೀರಿನ ದಂಡೆಗೆ ಬಂದ. ಎದುರಿಗೆ ನೀರಿನ ನಡುವೆ ನಡುಗಡ್ಡೆ. ಅಲ್ಲಿ ಸಿದ್ದಿ ಕುಟುಂಬಗಳ ಒಂದಿಷ್ಟು ಮನೆಗಳು. ದಂಡೆಯ ಮತ್ತಿ ಮರಕ್ಕೆ ಕಬ್ಬಿಣದ ಹಳಿಯ ತುಂಡೊಂದು ತೂಗುತ್ತಿತ್ತು. ಅದನ್ನು ಒಂದು ಸಲ ಬಡಿದು ಕಾಯ್ದರೆ ಆ ಕಡೆಯಿಂದ ದೋಣಿ ಬರುತ್ತದೆ. ಉಳವಪ್ಪ ಒಂದು ಸಲ ಬಡಿದ. ದೋಣಿ ಬರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಕಲ್ಲು ತಗೊಂಡು ಬಿಡದೆ ಬಡಿಯತೊಡಗಿದ. ಕೈ ಸೋಲುವ ತನಕ ಬಡಿದ.

ನಡುಗಡ್ಡೆಯಿಂದ ಕೇಕೆ ಕೇಳಿಸಿತು. ಆಮೇಲೆ ಡಮಾಮಿ ಡೋಲಿನ ಸದ್ದು. ನೋಡನೋಡುತ್ತ ಹೂವು ಕಟ್ಟಿದ ದೊಡ್ಡ ದೋಣಿಯೊಂದು ಹೊರಟಿತು. ಅದರಲ್ಲಿ ಡಮಾಮಿ ಬಾರಿಸುವವರು, ನಿಂತಲ್ಲೇ ಕುಣಿಯುವ ಹೆಂಗಸರು, ಮುಂದೆ ಚೆಂಡುಹೂವಿನ ಮಾಲೆ ಹಿಡಿದ ಒಬ್ಬ ಮುದುಕಿ.

'ಅಬ್ಬಾ, ಸಾಹೇಬರ ಮೇಲೆ ಏನು ಅಭಿಮಾನ!' ಎಂದು ಉಳವಪ್ಪ ಕೂದಲು ಸರಿಮಾಡಿಕೊಂಡ.

ದೋಣಿ ದಡಕ್ಕೆ ತಾಗಿತು. ಮುದುಕಿ ಅವನ ಮುಖ ನೋಡಿದಳು. ಡಮಾಮಿ ನಿಂತಿತು.

"ನೀ ಯಾರೊ?"

"ಶಾಸಕರ ಕಡೆಯವರ‍್ರಿ. ಅಧಿವೇಶನದ ವರದಿ ತಂದೇನಿ."

"ನಿನ್ನ ವರದಿಗೆ ಬೆಂಕಿ ಹಚ್ಚಲಿ! ಅಳಿಯನ ಬಡಿತ ಯಾಕ ಬಡಿದಿ?"

ಆಗ ತಿಳಿಯಿತು. ಆ ಮುದುಕಿ ಮರಿಯಾ. ಅವಳ ಮೈದುನ ಪೆದ್ರುವಿನ ಮಗಳಿಗೆ ಅಂದು ಉಂಗುರ ಹಾಕುವ ಶಾಸ್ತ್ರ. ಗಂಡು ಸೈಮನ್ ಮುಂಡಗೋಡ ಕಡೆಯ ಸನವಳ್ಳಿಯವನು. ಅಳಿಯನಾಗುವವನು ಮೊದಲ ಸಲ ನೀರು ದಾಟುವಾಗ ಹಳಿಯನ್ನು ಬಿಡದೆ ಬಡಿಯಬೇಕು, ಊರು ಮೆರವಣಿಗೆಯಲ್ಲಿ ಬಂದು ಅವನನ್ನು ಕರೆದೊಯ್ಯಬೇಕು. ನಡುಗಡ್ಡೆಯ ಪದ್ಧತಿ ಅದು.

"ತಪ್ಪಾತ್ರಿ ಅವ್ವಾರ. ಸಣ್ಣ ದೋಣಿ ಇದ್ರ ಕಳಿಸ್ರಿ, ನಾ ಹಿಂದಿಂದ ಬರ್ತೇನಿ."

"ಹಿಂದಿಂದ ಬರ್ತಾನಂತ! ಅಳಿಯನ ದೋಣಿ ಖಾಲಿ ಹೊಳ್ಳಿ ಹೋದ್ರ ಹುಡುಗಿಗೆ ಒಳ್ಳೇದಲ್ಲ. ಹತ್ತು ಸುಮ್ಮನ!" ಮರಿಯಾ ಮಾಲೆಯನ್ನು ಅವನ ಕೊರಳಿಗೆ ಹಾಕಿಯೇ ಬಿಟ್ಟಳು. "ಖರೇ ಅಳಿಯ ಬರೂ ತನಕಾ ನೀನ ಕೂಡಬೇಕು. ಈ ಮಾಲಿ ಅವನ ತೆಗೀಬೇಕು."

"ನನಗ ಐದರೊಳಗ ಹಳಿಯಾಳದಾಗ ಇರಬೇಕ್ರಿ, ಹೆಣ್ಣು ನೋಡಾಕ!"

ಹೆಂಗಸರು ಹೋ ಎಂದು ನಕ್ಕರು. "ನೋಡ್ರೆ, ಮದುಮಗನ ಅದಾನ! ಇನ್ನೂ ಚಲೋ ಆತು!" ಡಮಾಮಿ ಮತ್ತೆ ಶುರುವಾಯಿತು.

ಹೀಗೆ ಶಾಸಕರ ವರದಿ ಅಳಿಯನ ದೋಣಿಯಲ್ಲಿ ನೀರು ದಾಟಿತು. ಉಳವಪ್ಪನನ್ನು ಪೆದ್ರುವಿನ ಅಂಗಳದಲ್ಲಿ, ಚಾದರ ಹಾಸಿದ ಕುರ್ಚಿಯ ಮೇಲೆ ಕೂರಿಸಿದರು. ಎದ್ದರೆ ಮರಿಯಾ ಕಣ್ಣು ಕೆಕ್ಕರಿಸುತ್ತಿದ್ದಳು. ಸಿಹಿ ತಿನ್ನಿಸಿದರು, ಕೋಳಿ ಬಡಿಸಲು ಬಂದರು. ಅವನು ತಿನ್ನುವುದಿಲ್ಲ ಎಂದಾಗ, "ಎಂಥಾ ಅಳಿಯನ್ನ ತಂದೀರಿ, ಕೋಳೀನ ತಿನ್ನಾಂಗಿಲ್ಲ!" ಎಂದು ನೆರೆಮನೆಯವಳು ಚೇಷ್ಟೆ ಮಾಡಿದಳು. ಗಂಟೆ ಎರಡಾಯಿತು. ಸೈಮನ್ನನ ಸುಳಿವಿಲ್ಲ.

ಕೂತದ್ದೇ ಕೂತದ್ದು, ಕೆಲಸವಾದರೂ ಆಗಲಿ ಎಂದು ಉಳವಪ್ಪ ಸ್ಪೀಕರು ಹಚ್ಚಿ ವಿಡಿಯೋ ಬಿಟ್ಟ. ಸಾಹೇಬರ ಧ್ವನಿ ಅಂಗಳದಲ್ಲಿ ಗುಡುಗಿತು: "ದ್ವೀಪವಾಸಿ ಬಂಧುಗಳೇ, ನಿಮ್ಮ ಸೇತುವೆಗಾಗಿ ನಾನು ಸದನದಲ್ಲಿ ಧ್ವನಿ ಎತ್ತಿದ್ದೇನೆ. ಪ್ರಸ್ತಾವನೆ ಸರ್ಕಾರದ ಪರಿಶೀಲನೆಯಲ್ಲಿದೆ!"

ಪೆದ್ರು ಸಾವಕಾಶವಾಗಿ ಕೇಳಿದ: "ಪರಿಶೀಲನೆ ಅಂದ್ರ ಎಷ್ಟ ದೂರ ಐತ್ರಿ?"

"ಇನ್ನೇನ್ ಕಾಕಾ, ಹತ್ರ ಬಂತು. ಆತು ಅಂತನ ತಿಳೀರಿ."

"ನಾ ಲಗ್ನಾಗಿ ಬರೋ ಮುಂದೂ ಹತ್ರಾನ ಇತ್ತು," ಎಂದಳು ಮರಿಯಾ. "ಈಗ ನನ್ನ ಮೊಮ್ಮಗ ಲಗ್ನಕ್ಕ ಬಂದಾನ, ಅದು ಹಂಗ ಹತ್ರ ಐತಿ. ಬಂದ್ ಮಾಡೊ ನಿಮ್ಮ ಸಾಹೇಬ್ರನ್ನ, ಕುಣಿತ ನಿಂತು ಹೋತು."

ಸಾಹೇಬರು ಬಂದ್ ಆದರು, ಕುಣಿತ ಏರಿತು. ಉಳವಪ್ಪನ ತಲೆ ಆಗ ಓಡಿತು. ಮೊಬೈಲು ತೆಗೆದು ಆ ಕುಣಿತವನ್ನೇ ಹಿಡಿದ. ಕೊನೆಯಲ್ಲಿ ಮಾಲೆ ಹಾಕಿಕೊಂಡ ತನ್ನ ಮುಖವನ್ನೂ ಸೇರಿಸಿದ. ನಡುಗಡ್ಡೆಯಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಮರಿಯಾಳ ಕಾವಲಿನಲ್ಲೇ ಗುಡ್ಡ ಹತ್ತಿ, ವಿಡಿಯೋ ಕಳಿಸಿ, ಮೆಲ್ಲಗೆ ಧ್ವನಿ ಸಂದೇಶ ಹಾಕಿದ: "ಸಾಹೇಬ್ರ, ನಿಮ್ಮ ವರದಿ ಕೇಳಿ ಮಂದಿ ಹುಚ್ಚೆದ್ದ ಕುಣ್ಯಾಕ ಹತ್ಯಾರ. ನನ್ನ ಮ್ಯಾಲಂತೂ ಭಾಳ ಪ್ರೀತಿ. ಇಲ್ಲೇ ಇರ‍್ರಿ ಅಂತ ಹಿಡಕೊಂಡ ಕೂತಾರ, ಬಿಡವಲ್ರು."

ಕೊನೆಯ ಮಾತಂತೂ ಸುಳ್ಳಲ್ಲ. ಇಷ್ಟು ಕೇಳಿ ಸಾಹೇಬರು ಖುಷಿಯಾಗಿ ನಾಲ್ಕು ದಿನ ರಜೆ ಕೊಟ್ಟಾರು ಎಂದು ಅವನ ಲೆಕ್ಕ.

ಇಳಿಯಲು ತಿರುಗಿದವನ ಕಣ್ಣು ಆಚೆ ದಂಡೆಗೆ ಬಿತ್ತು. ಅಲ್ಲಿ ಮತ್ತಿ ಮರದ ಕೆಳಗೆ, ಕೋಟು ಹಾಕಿದ ಒಬ್ಬ ಯುವಕ ಪೆಟ್ಟಿಗೆಯ ಮೇಲೆ ಕೂತು, ಆಗಾಗ ಎದ್ದು ಹಳಿಯನ್ನು ನಾಚಿಕೆಯಿಂದ ಒಂದೊಂದೇ ಸಲ ತಟ್ಟುತ್ತಿದ್ದ. ಬಿಡದೆ ಬಡಿಯುವ ಸದ್ದಿಗಾಗಿ ಕಾಯುತ್ತಿದ್ದ ದೋಣಿಯವರೆಲ್ಲ ಡಮಾಮಿಯ ಗದ್ದಲದಲ್ಲಿ ಕುಣಿಯುತ್ತಿದ್ದರು. ಕೇಳುವವರು ಯಾರು?

"ಅಯ್ಯೊ, ನಮ್ಮ ಸೈಮನ್ನೊ!" ಎಂದು ಮರಿಯಾ ಕಿರುಚಿಕೊಂಡು ಗುಡ್ಡ ಇಳಿದಳು.

ಸೈಮನ್ ಬಂದ. ಮಾಲೆ ತೆಗೆದ. ಆದರೆ ಮರಿಯಾ ಅದನ್ನು ಮತ್ತೆ ಉಳವಪ್ಪನಿಗೇ ಹಾಕಿ, ಅವನ ಗಲ್ಲ ಹಿಡಿದು, "ಹೋಗಪ್ಪಾ, ನಿನಗೂ ಚಲೋ ಹೆಣ್ಣ ಸಿಗಲಿ" ಎಂದು ಹರಸಿದಳು. ಉಳವಪ್ಪನಿಗೆ ಕಣ್ಣಲ್ಲಿ ನೀರು ಬಂತು. ಆಗ ನಾಲ್ಕು ದಾಟಿತ್ತು.

ದಾಂಡೇಲಿ ದಾಟುವ ಹೊತ್ತಿಗೆ ಅವನಿಗೆ ಹೊಸ ಭಯ ಹುಟ್ಟಿತು. ಸಾಹೇಬರಿಗೆ ಕಳಿಸಿದ್ದೆಲ್ಲ ತಾಲೂಕಿನ ಗುಂಪುಗಳಲ್ಲಿ ಹರಿದಾಡುತ್ತದೆ. ಹೆಣ್ಣಿನ ಮನೆಯವರು ಮಾಲೆ ಹಾಕಿದ ಮದುಮಗನನ್ನು ನೋಡಿಬಿಟ್ಟರೆ? ಆ ಚಿಂತೆಯಲ್ಲಿ ಕೊರಳಿನ ಮಾಲೆ ತೆಗೆಯುವುದನ್ನೇ ಮರೆತ.

ಹಳಿಯಾಳ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು. ಬಾಗಿಲಲ್ಲಿ ಗುರುಬಸವ್ವ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮಾಲಿ ಮನಿಯಿಂದನ ಹಾಕ್ಕೊಂಡ ಬಂದ್ರ್ಯಾ?"

ಉಳವಪ್ಪ ಅಲ್ಲೇ ನಿಂತು, ಹಳಿ, ದೋಣಿ, ಮರಿಯಾ, ಸೈಮನ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದ. ಒಳಗಿಂದ ಕಿಲಕಿಲ ನಗು ಕೇಳಿಸಿತು. ವಿದ್ಯಾವತಿ ಅವಲಕ್ಕಿ ತಟ್ಟೆ ಹಿಡಿದು ಹೊರಗೆ ಬಂದಳು. ಫೋಟೋಗಿಂತ ಚಂದ ಇದ್ದಳು.

"ಹೊತ್ತು ಮೀರಿದ್ರೂ ಇರಲಿ ಬಿಡ್ರಿ ಅವ್ವಾ," ಅಂದಳು. "ಯಾರದೋ ಹುಡುಗಿಗೆ ಕೆಟ್ಟದಾಗಬಾರದಂತ ಕೂತಾರ, ಒಳ್ಳೆಯವರ ಅದಾರ."

ಉಳವಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕೂತ. ತಟ್ಟೆಗೆ ಕೈ ಚಾಚಿದ. ಅಷ್ಟರಲ್ಲಿ ಲಗಮಪ್ಪ ಮಾವ ಹೆಮ್ಮೆಯಿಂದ ಮೊಬೈಲು ಹಿಡಿದು ಎದ್ದ.

"ತಡೀರಿ ತಡೀರಿ! ಸಾಹೇಬ್ರು ಈಗಷ್ಟ ಇನ್ನೊಂದ ವಿಡಿಯೋ ಬಿಟ್ಟಾರ. ನಮ್ಮ ಉಳವಪ್ಪನ ಹೆಸರ ಐತಿ!"

ಸಾಹೇಬರ ಧ್ವನಿ ಮತ್ತೆ ಗುಡುಗಿತು: "ದ್ವೀಪವಾಸಿ ಬಂಧುಗಳೇ, ನಮ್ಮ ಉಳವಪ್ಪನ ಮೇಲೆ ನೀವಿಟ್ಟ ಪ್ರೀತಿ ಕಂಡು ಮನಸ್ಸು ತುಂಬಿ ಬಂತು. ಅವನನ್ನು ಇಲ್ಲೇ ಬಿಡಿ ಎಂಬುದು ನಿಮ್ಮ ಬೇಡಿಕೆ. ಒಪ್ಪಿದ್ದೇನೆ! ನಾಳೆಯಿಂದ ಉಳವಪ್ಪ ನಡುಗಡ್ಡೆಯಲ್ಲೇ ವಾಸ. ಸೇತುವೆ ಆಗುವ ತನಕ ನಿಮ್ಮನ್ನು ಬಿಟ್ಟು ಕದಲುವುದಿಲ್ಲ!"

ವಿದ್ಯಾವತಿ ತಲೆ ತಗ್ಗಿಸಿ ಸ್ವಲ್ಪ ಯೋಚಿಸಿದಳು.

"ನಾ ಒಲ್ಲೆ ಅನ್ನಾಂಗಿಲ್ರಿ," ಅಂದಳು. "ಆದರ ನನಗ ನೀರಂದ್ರ ಅಂಜಿಕಿ. ಸೇತುವೆ ಆದ ಮರುದಿನಾನ ಬರ್ರಿ. ಅಲ್ಲೀ ತನಕಾ ಕಾಯ್ತೇನಿ."

"ಹಂಗಾರ ಭಾಳ ದಿನದ ಮಾತೇನಲ್ಲ," ಗುರುಬಸವ್ವನ ಮುಖ ಅರಳಿತು. "ಸಾಹೇಬ್ರ ಹತ್ರಾನ ಇರ‍್ತೀರಿ, ನಿಮಗ ಗೊತ್ತಿರತೈತಿ. ಯಾವಾಗ ಆಗ್ತೈತ್ರಿ ಸೇತುವೆ?"

ಉಳವಪ್ಪ ಮಾವನ ಮುಖ ನೋಡಿದ. ವಿದ್ಯಾವತಿಯ ಮುಖ ನೋಡಿದ. ಪೆದ್ರು ಕಾಕಾನಿಗೆ ಹೇಳಿದ 'ಹತ್ರ ಬಂತು' ಎಂಬ ಮಾತು ಇಲ್ಲಿ ಬಾಯಿಗೆ ಬರಲಿಲ್ಲ.

"ಪರಿಶೀಲನೆಯೊಳಗ ಐತ್ರಿ," ಅಂದ.

ಗುರುಬಸವ್ವ ನಿಟ್ಟುಸಿರು ಬಿಟ್ಟು ಅವಲಕ್ಕಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು.