ಪಾಸ್ಟರ್ ಅಬ್ದಿಯಾಸರ ವಿಶ್ರಾಂತಿ

ಪಾಸ್ಟರ್ ಅಬ್ದಿಯಾಸ್ ಮಾಡಿದ ತಪ್ಪು ಒಂದೇ. ಸೋಮವಾರ ವಿಶ್ರಾಂತಿ ತೆಗೆದುಕೊಳ್ಳುತ್ತೇನೆಂದು ಭಾನುವಾರದ ಆರಾಧನೆಯಲ್ಲಿ, ಅದೂ ಮೈಕಿನಲ್ಲಿ, ಹೇಳಿಬಿಟ್ಟರು.

ರಕ್ತದೊತ್ತಡ ನೋಡಿದ ಡಾಕ್ಟರು ಗದರಿಸಿದ್ದರು. "ಒಂದಿನವಾದ್ರೂ ನಿದ್ದೆ ಮಾಡಿ ಪಾಸ್ಟರ್. ಇಲ್ಲಾಂದ್ರೆ ಆಸ್ಪತ್ರೇಲಿ ಮಲಗಿಸ್ತೀನಿ." ಆಸ್ಪತ್ರೆಯಲ್ಲಿ ಮಲಗಿದರೆ ಚರ್ಚಿನ ಇಡೀ ಸಭೆ ನೋಡಲು ಬರುತ್ತದೆ, ಬಂದವರಿಗೆಲ್ಲ ಎದ್ದು ಕೂತು ಪ್ರಾರ್ಥನೆ ಮಾಡಬೇಕಾಗುತ್ತದೆ. ಆ ಭಯಕ್ಕೇ ಅಬ್ದಿಯಾಸ್ ಮನೆಯಲ್ಲಿ ಮಲಗಲು ಒಪ್ಪಿದ್ದರು.

ಗ್ವಾಟೆಮಾಲಾದ ಆ ಗುಡ್ಡದೂರಿನಲ್ಲಿ ಸೋಮವಾರ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಬಾಗಿಲು ಬಡಿದ ಸದ್ದಾಯಿತು. ಎದುರುಮನೆಯ ದೋರ್ಕಾಸಕ್ಕ ಬಿಸಿಬಿಸಿ ಜೋಳದ ಗಂಜಿ ಹಿಡಿದು ನಿಂತಿದ್ದಳು.

"ಪಾಸ್ಟರೇ, ಮಲಗಿದ್ರಾ?"

"ಮಲಗಿದ್ದೆ ಅಕ್ಕ."

"ಮಲಗಿ, ಮಲಗಿ. ಮಲಗಿದ್ದೀರೋ ಇಲ್ವೋ ನೋಡೋಣಾಂತ ಬಂದೆ. ಅಂದಹಾಗೆ, ನಮ್ಮ ಅಳಿಯ ಮತ್ತೆ ಕುಡಿಯೋಕೆ ಶುರು ಹಚ್ಕೊಂಡಿದ್ದಾನೆ..."

ಅಳಿಯನ ಕತೆ ಮುಗಿಯುವಷ್ಟರಲ್ಲಿ ಗಂಜಿ ತಣ್ಣಗಾಗಿತ್ತು. ಅಷ್ಟರಲ್ಲಿ ಸಭೆಯ ಹಿರಿಯ ಗಮಾಲಿಯೆಲ್ ಕುರ್ಚಿ ಹೊತ್ತು ತಂದು ಬಾಗಿಲಲ್ಲಿ ಹಾಕಿದರು. "ನೀವು ನಿಶ್ಚಿಂತೆಯಾಗಿ ಮಲಗಿ ಪಾಸ್ಟರ್. ಒಂದು ನರಪಿಳ್ಳೇನೂ ಒಳಗೆ ಬಿಡಲ್ಲ."

ಬಿಡಲಿಲ್ಲ, ನಿಜ. ಬಂದವರಿಗೆಲ್ಲ "ಪಾಸ್ಟರ್ ಮಲಗಿದ್ದಾರೆ!" ಎಂದು ಬೀದಿ ಕೊನೆಗೆ ಕೇಳುವಂತೆ ಕೂಗುತ್ತಿದ್ದರು. ಆಮೇಲೆ ತಾವೇ ಒಳಗೆ ಬಂದು ಹಾಸಿಗೆ ಪಕ್ಕ ಬಗ್ಗಿ, "ಮದುವೆ ಶನಿವಾರ ಇಟ್ಕೋಬಹುದಾ ಅಂತ ಕೇಳ್ತಿದ್ದಾರೆ, ಕಣ್ಣು ಬಿಡಬೇಡಿ, ತಲೆ ಆಡ್ಸಿದ್ರೆ ಸಾಕು" ಎನ್ನುತ್ತಿದ್ದರು.

ಹೆಂಡತಿ ನವೋಮಿ ಮಧ್ಯಾಹ್ನದ ಹೊತ್ತಿಗೆ ಗಂಡನ ಕೈಗೆ ದಿಂಬು ಕೊಟ್ಟಳು. "ರೀ, ಹಿತ್ತಲಿಂದ ಚರ್ಚಿಗೆ ಹೋಗಿ ಮಲಗಿ. ಜನ ನಿಮ್ಮನ್ನ ಎಲ್ಲಾ ಕಡೆ ಹುಡುಕ್ತಾರೆ. ಸೋಮವಾರ ಚರ್ಚಲ್ಲಿ ಮಾತ್ರ ಹುಡುಕಲ್ಲ."

ಚರ್ಚಿನ ವೇದಿಕೆಯ ಹಲಗೆಗಳ ಕೆಳಗೆ, ಜನರನ್ನು ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವ ದೊಡ್ಡ ತೊಟ್ಟಿ ಇತ್ತು. ಈಗ ನೀರಿರಲಿಲ್ಲ, ತಣ್ಣಗಿತ್ತು. ಅಬ್ದಿಯಾಸ್ ಬನಿಯನ್ನಿನಲ್ಲೇ ಒಳಗಿಳಿದು ಹಲಗೆ ಎಳೆದುಕೊಂಡರು. ಬೈಬಲಿನ ಯೋನನನ್ನಾದರೂ ಮೀನು ನುಂಗಿತ್ತು. ನಾನು ಸ್ವಂತ ದಿಂಬು ತಂದುಕೊಂಡು ಹೊಟ್ಟೆಗಿಳಿದಿದ್ದೇನಲ್ಲ ಎಂದು ಅವರಿಗೇ ನಗು ಬಂತು.

ಕಣ್ಣು ಮುಚ್ಚಿದರೋ ಇಲ್ಲವೋ, ತಲೆಯ ಮೇಲೆ ಸಭೆಯ ಹತ್ತಾರು ಜನರ ಧಡಧಡ ಹೆಜ್ಜೆ ಸದ್ದು. ಗಮಾಲಿಯೆಲ್ ದನಿ: "ಇಲ್ಲೇ ಕೂತು ಮಾತಾಡೋಣ. ಅಲ್ಲಿ ಪಾಸ್ಟರಿಗೆ ಎಚ್ಚರ ಆಗುತ್ತೆ."

"ಪಾಪ, ಮುಖ ನೋಡಿದ್ರಾ?" ದೋರ್ಕಾಸಕ್ಕ ಹೇಳಿದಳು. "ಹಿಂಡಿದ ನಿಂಬೆಹಣ್ಣು. ಒಂದು ತಿಂಗಳು ರಜಾ ಕೊಟ್ಟು ಸಮುದ್ರದ ಕಡೆ ಕಳಿಸೋಣ."

ಕೆಳಗೆ ಅಬ್ದಿಯಾಸರ ಕಣ್ಣು ತುಂಬಿ ಬಂತು. ಈ ಜನರ ಮೇಲೆ ಬೆಳಗಿನಿಂದ ಎಷ್ಟು ಸಿಟ್ಟು ಮಾಡಿಕೊಂಡೆನಲ್ಲ ಎಂದು ನಾಚಿಕೆಯಾಯಿತು.

"ನಾನು ದಿನಾ ಬೆಳಗಿನ ಜಾವ ಪ್ರಾರ್ಥನಾ ಕೂಟ ಶುರು ಮಾಡೋಣಾಂತಿದ್ದೆ," ಗಮಾಲಿಯೆಲ್ ರಾಗ ಎಳೆದರು.

"ನಡೆಸೋರು ಯಾರು?" ದೋರ್ಕಾಸಕ್ಕ ಕೇಳಿದಳು.

"ಪಾಸ್ಟರು. ಇನ್ಯಾರು?"

"ಸುಮ್ನಿರಣ್ಣ. ರಜಾ ಬೇಕು ಅನ್ನೋರು ಕೈ ಎತ್ತಿ!"

ಗಮಾಲಿಯೆಲ್ ಬಿಟ್ಟು ಎಲ್ಲರೂ ಕೈ ಎತ್ತಿದರು. ಆದರೆ ಕುರ್ಚಿಗೆ ಬಳಿಯುವ ಬಣ್ಣವನ್ನೂ ಪ್ರಾರ್ಥನೆ ಮಾಡದೆ ತೀರ್ಮಾನಿಸದ ಸಭೆ ಅದು. ಪ್ರಾರ್ಥನೆಗೆ ಗಮಾಲಿಯೆಲ್ಲೇ ಎದ್ದರು. ಅವರ ಪ್ರಾರ್ಥನೆ ಆದಾಮನಿಂದ ಶುರುವಾಗುವಂಥದ್ದು. ನೋಹನ ನಾವೆ ತಲುಪುವ ಮೊದಲೇ ಅಬ್ದಿಯಾಸರಿಗೆ ಎಷ್ಟೋ ತಿಂಗಳಿಂದ ಬಾರದ ನಿದ್ದೆ ಬಂತು. ಕನಸಿನಲ್ಲಿ ಸಮುದ್ರ, ತೂಗುಹಾಸಿಗೆ, ಅವರನ್ನು ಪಾಸ್ಟರ್ ಎಂದು ಕರೆಯುವ ಒಬ್ಬರೂ ಇಲ್ಲ.

"...ಕರ್ತನೇ, ರಜೆಯೇ ನಿನ್ನ ಚಿತ್ತವಾದರೆ ಸುಮ್ಮನಿರು. ಬೆಳಗಿನ ಕೂಟ ನಿನ್ನ ಚಿತ್ತವಾದರೆ ಈಗಲೇ ಒಂದು ಗುರುತು ಕೊಡು!"

ಪ್ರಾರ್ಥನೆ ಮುಗಿಯುವ ಆ ರಾಗ ಅಬ್ದಿಯಾಸರಿಗೆ ರಕ್ತಗತವಾಗಿತ್ತು. ನಿದ್ದೆಯಲ್ಲೇ, ಗಂಟಲು ಬಿಚ್ಚಿ, ಅವರು ಹೇಳಬೇಕಾದ್ದನ್ನು ಹೇಳಿದರು:

"ಆಮೆನ್!"

ಖಾಲಿ ತೊಟ್ಟಿ ಮೋಡದಂತೆ ಗುಡುಗಿತು. ಮೇಲೆ ಯಾರೋ ಕಿಟಾರನೆ ಕಿರುಚಿದರು, ಬೆಂಚು ಮಗುಚಿತು.

"ನೆಲದೊಳಗಿಂದ ಬಂತು! ದೇವರು ಮೇಲಿಂದಲ್ವಾ ಮಾತಾಡೋದು?"

"ಎಲ್ಲಿಂದ ಮಾತಾಡ್ಬೇಕು ಅಂತ ದೇವರಿಗೆ ನೀನು ಹೇಳ್ಕೊಡ್ತೀಯಾ? ಮಂಡಿಯೂರು! ಕೇಳಿದ ಗುರುತು ಬಂತು, ಬೆಳಗಿನ ಕೂಟಾನೇ ದೇವರ ಚಿತ್ತ!" ಗಮಾಲಿಯೆಲ್ ಗದರಿದರು.

ತಮ್ಮದೇ ಆಮೆನ್ನಿಗೆ ಎಚ್ಚರವಾಗಿದ್ದ ಅಬ್ದಿಯಾಸರಿಗೆ ಇದನ್ನು ಕೇಳಿ ಬೆವರು ಕಿತ್ತುಕೊಂಡು ಬಂತು. ಹೊರಗೆ ಬಂದರೆ ಮಾನ ಹೋಗುತ್ತದೆ, ಬಾರದಿದ್ದರೆ ರಜೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ದೇವರ ಹೆಸರಿನಲ್ಲಿ ಸುಳ್ಳು ನಿಲ್ಲುತ್ತದೆ. ಧೈರ್ಯ ಮಾಡಿ ಹಲಗೆ ತಳ್ಳಿ, ಕೆದರಿದ ತಲೆ ಮೇಲೆತ್ತಿದರು.

"ಅದು ದೇವರಲ್ಲ, ನಾನು. ನಿಮ್ಮಿಂದೆಲ್ಲ ತಪ್ಪಿಸ್ಕೊಂಡು ಇಲ್ಲಿ ನಿದ್ದೆ ಹೊಡೀತಿದ್ದೆ. ಆ ಆಮೆನ್ ದಯವಿಟ್ಟು ಲೆಕ್ಕಕ್ಕೆ ತಗೋಬೇಡಿ."

ಮೊದಲು ಅಳು ಶುರು ಮಾಡಿದ್ದು ದೋರ್ಕಾಸಕ್ಕ.

"ನೋಡ್ರಪ್ಪಾ ವಿನಯ! ರಜಾ ದಿನಾನೂ ಕತ್ತಲಲ್ಲಿ ಕೂತು ನಮಗೋಸ್ಕರ ಪ್ರಾರ್ಥನೆ ಮಾಡ್ತಿದ್ರು. ಕೇಳಿದ್ರೆ ನಿದ್ದೆ ಹೊಡೀತಿದ್ದೆ ಅಂತಾರೆ!"

"ಅಕ್ಕಾ, ದಿಂಬು ನೋಡಿ ಅಕ್ಕಾ!"

"ನೋಡ್ದೆ. ಮಂಡಿ ನೋವಿಗೆ. ಇಂಥೋರನ್ನ ಸಮುದ್ರಕ್ಕೆ ಕಳಿಸೋಣ ಅಂದೆನಲ್ಲ, ಕ್ಷಮಿಸಿ ಪಾಸ್ಟರೇ!"

ಈ ಸಲ ಕೈ ಎತ್ತದವರೇ ಇರಲಿಲ್ಲ. ನಾಳೆಯಿಂದಲೇ ಬೆಳಗಿನ ಕೂಟ.

ಗಮಾಲಿಯೆಲ್ ಕಣ್ಣೊರೆಸಿಕೊಂಡು ಪಾಸ್ಟರ ಕೈ ಹಿಡಿದರು. "ಜನ ಬರೋಕೆ ಒಂದು ಗಂಟೆ ಮುಂಚೆ ನೀವು ತೊಟ್ಟಿಗೆ ಇಳಿದು ಪ್ರಾರ್ಥನೆ ಮಾಡ್ಕೊಳ್ಳಿ. ಹಲಗೆ ಮುಚ್ಕೊಳ್ಳಿ. ಯಾರೂ ತೊಂದರೆ ಕೊಡಲ್ಲ."

ಒಂದು ಗಂಟೆ! ಅಬ್ದಿಯಾಸರಿಗೆ ಹೋದ ಜೀವ ಬಂದಂತಾಯಿತು. ಅಷ್ಟಾದರೂ ಸಿಕ್ಕಿತಲ್ಲ ಎಂದು ತಲೆ ಆಡಿಸಿದರು.

"ಮತ್ತೆ ಪಾಸ್ಟರ್," ಗಮಾಲಿಯೆಲ್ ಇನ್ನಷ್ಟು ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಇನ್ಮೇಲೆ ನೀವೊಬ್ರೇ ಕಷ್ಟಪಡೋದು ಬೇಡ. ನಾನೂ ನಿಮ್ಮ ಜೊತೆ ಇಳೀತೀನಿ."